ಎಲ್ಲಿದ್ದೀರಿ? ತುರ್ತು ಕರೆಯಲ್ಲಿ ಫೋನ್ ಹೇಳುವುದು, ನಾವು ಹೇಳಬೇಕಾದದ್ದು

ನಾಲ್ಕು ವರ್ಷದ ಹಿಂದಿನ ಮಾತು. ಮಳೆಗಾಲದ ಒಂದು ಸಂಜೆ ಕಾರಿನಲ್ಲಿ ಘಾಟಿ ಇಳಿಯುತ್ತಿದ್ದೆವು. ಮುಂದೆ ಹೋಗುತ್ತಿದ್ದ ಬೈಕು ತಿರುವಿನಲ್ಲಿ ಜಾರಿ ಬಿತ್ತು. ಹಿಂದೆ ಕೂತಿದ್ದ ಹೆಂಗಸಿನ ಕಾಲು ಮುರಿದಿತ್ತು, ತಲೆಗೂ ಪೆಟ್ಟಾಗಿತ್ತು. ನಾನು ಫೋನ್ ತೆಗೆದು ಆಂಬುಲೆನ್ಸಿಗೆ ಕರೆ ಮಾಡಿದೆ. ಕರೆ ಬೇಗನೆ ಸಿಕ್ಕಿತು. ಆ ಕಡೆಯಿಂದ ಬಂದ ಮೊದಲ ಪ್ರಶ್ನೆ: "ಎಲ್ಲಿದ್ದೀರಿ?"

"ಘಾಟಿಯಲ್ಲಿ" ಅಂದೆ. "ಘಾಟಿಯಲ್ಲಿ ಎಲ್ಲಿ? ಯಾವ ಊರಿನ ಹತ್ತಿರ?" ಎಡಕ್ಕೆ ಗುಡ್ಡ, ಬಲಕ್ಕೆ ಪ್ರಪಾತ, ಮುಂದೆಲ್ಲ ಮಂಜು. ಫೋನಿನಲ್ಲಿ ಮ್ಯಾಪ್ ಇತ್ತು, ಅದರಲ್ಲಿ ನೀಲಿ ಚುಕ್ಕೆಯೂ ಇತ್ತು. ಆ ಚುಕ್ಕೆಯನ್ನು ಮಾತಿನಲ್ಲಿ ಹೇಳುವುದು ಹೇಗೆ ಅಂತ ಮಾತ್ರ ನನಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಲಾರಿ ನಿಲ್ಲಿಸಿ ಬಂದ ಡ್ರೈವರ್ ಒಬ್ಬರು ನನ್ನ ಕೈಯಿಂದ ಫೋನ್ ತೆಗೆದುಕೊಂಡರು. ರಸ್ತೆ ಬದಿಯ ಕಿಲೋಮೀಟರ್ ಕಲ್ಲು ನೋಡಿದರು. ಹೆದ್ದಾರಿ ಹೆಸರು, ಕಲ್ಲಿನ ಮೇಲಿದ್ದ ಊರು, ಅದರ ಕೆಳಗಿನ ಸಂಖ್ಯೆ, ಎಷ್ಟನೇ ತಿರುವು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. 20 ಸೆಕೆಂಡಿನ ಕೆಲಸ. ಆ ಹೆಂಗಸು ಈಗ ನಡೆಯುತ್ತಾರೆ ಅಂತ ಅವರ ಮನೆಯವರಿಂದ ಆಮೇಲೆ ತಿಳಿಯಿತು.

ಮನೆಗೆ ಬಂದ ಮೇಲೂ ಆ ಪ್ರಶ್ನೆ ತಲೆ ಕೊರೆಯುತ್ತಲೇ ಇತ್ತು. ಊಟ ತರುವ ಹುಡುಗ ಸೀದಾ ಮನೆ ಬಾಗಿಲಿಗೆ ಬರುತ್ತಾನೆ. ಆಟೋ ಬುಕ್ ಮಾಡಿದರೆ ನಾವು ನಿಂತಲ್ಲಿಗೇ ಬರುತ್ತದೆ. ಹಾಗಿರುವಾಗ ಪ್ರಾಣದ ಪ್ರಶ್ನೆ ಬಂದಾಗ ಕರೆ ಮಾಡಿದರೆ ನಮ್ಮ ಜಾಗ ಅವರಿಗೆ ಯಾಕೆ ಕಾಣುವುದಿಲ್ಲ? ಕೂತು ತಿಳಿದುಕೊಂಡಾಗ ಅರ್ಥವಾದದ್ದು ಇಷ್ಟು. ನಮ್ಮ ಫೋನಿಗೆ ಗೊತ್ತಿರುವುದು ಒಂದು, ಟವರಿಗೆ ಗೊತ್ತಿರುವುದು ಇನ್ನೊಂದು, ಕರೆ ಎತ್ತಿದವರ ಕಣ್ಣಿಗೆ ಬೀಳುವುದು ಮತ್ತೊಂದು. ಊಟದ ಆ್ಯಪ್ ಇಂಟರ್‌ನೆಟ್ ಮೂಲಕ ಫೋನಿನೊಳಗಿನ ಮಾಹಿತಿಯನ್ನೇ ಓದಿಕೊಳ್ಳುತ್ತದೆ. ಸಾಮಾನ್ಯ ಕರೆಯಲ್ಲಿ ಹೋಗುವುದು ನಮ್ಮ ದನಿ ಮತ್ತು ನಮ್ಮ ನಂಬರ್. ಉಳಿದದ್ದನ್ನು ನಾವೇ ಬಾಯಿಬಿಟ್ಟು ಹೇಳಬೇಕು.

ಯಾವ ನಂಬರಿಗೆ ಮಾಡೋದು?

ಒಂದೇ ನಂಬರ್ ನೆನಪಿಟ್ಟುಕೊಳ್ಳುವುದಾದರೆ 112. ಪೊಲೀಸ್, ಬೆಂಕಿ, ಆಂಬುಲೆನ್ಸ್ ಮೂರಕ್ಕೂ ಇದೇ. ಯುರೋಪಿನ ದೇಶಗಳು 1991ರಲ್ಲಿ ಈ ನಂಬರನ್ನು ಒಪ್ಪಿಕೊಂಡವು. ಅದೇ ಹೊತ್ತಿಗೆ ಬಂದ ಜಿಎಸ್ಎಂ ಮೊಬೈಲ್ ತಂತ್ರಜ್ಞಾನದೊಳಗೇ ಅದು ಸೇರಿಹೋಯಿತು. ಭಾರತದಲ್ಲಿ 112 ತನ್ನಿ ಅಂತ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2015ರಲ್ಲಿ ಶಿಫಾರಸು ಮಾಡಿತು. 2018ರ ನವೆಂಬರಿನಲ್ಲಿ ಹಿಮಾಚಲ ಪ್ರದೇಶದಲ್ಲಿ ಮೊದಲು ಶುರುವಾಗಿ, ನಂತರ ಒಂದೊಂದೇ ರಾಜ್ಯಕ್ಕೆ ಬಂತು. ನಮ್ಮಲ್ಲೂ ಇದೆ.

108 ಬೇರೆ. ಅದು ಆಂಬುಲೆನ್ಸಿಗೆಂದೇ ಇರುವ ನಂಬರ್. ಕರ್ನಾಟಕದಲ್ಲಿ 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ ಶುರುವಾಯಿತು. ಹಳ್ಳಿಗಳಲ್ಲಿ ಈಗಲೂ "108ಗೆ ಫೋನ್ ಮಾಡಿ" ಅಂತಲೇ ಹೇಳುತ್ತಾರೆ, ಆಂಬುಲೆನ್ಸ್ ಎಂಬ ಮಾತಿನ ಬದಲು ಆ ನಂಬರೇ ಹೆಸರಾಗಿಬಿಟ್ಟಿದೆ. ಎದೆನೋವು, ಹೆರಿಗೆ, ಹಾವು ಕಚ್ಚಿದ್ದು, ಇಂಥದ್ದಕ್ಕೆ ಸೀದಾ 108 ಮಾಡಬಹುದು. ಅಪಘಾತ, ಹೊಡೆದಾಟ, ಯಾರೋ ಹಿಂಬಾಲಿಸುತ್ತಿದ್ದಾರೆ, ಏನಾಗುತ್ತಿದೆ ಅಂತಲೇ ತಿಳಿಯುತ್ತಿಲ್ಲ ಅನ್ನುವಾಗ 112 ಒಳ್ಳೆಯದು. ಒಂದು ಸಿಗದಿದ್ದರೆ ಇನ್ನೊಂದು.

ಇವೆರಡರ ಆಚೆ ಇನ್ನೂ ಕೆಲವಿವೆ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033, ರೈಲಿನಲ್ಲಿ 139, ಮಕ್ಕಳ ವಿಷಯಕ್ಕೆ 1098, ಮಹಿಳೆಯರಿಗೆ 181, ನೆರೆ ಅಥವಾ ಭೂಕುಸಿತದ ಹೊತ್ತಿನಲ್ಲಿ ಜಿಲ್ಲೆಯ ಕಂಟ್ರೋಲ್ ರೂಮಿಗೆ 1077. ಬ್ಯಾಂಕ್ ಖಾತೆಯಿಂದ ಮೋಸದಿಂದ ದುಡ್ಡು ಹೋದರೆ 1930. ಇದಕ್ಕೆ ನಿಮಿಷ ನಿಮಿಷವೂ ಲೆಕ್ಕ, ಯಾಕೆಂದರೆ ದುಡ್ಡು ಇನ್ನೊಂದು ಖಾತೆಗೆ ಜಿಗಿಯುವ ಮೊದಲು ತಡೆಯಬೇಕು. ಇವನ್ನೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ. ಹೆಸರು ಹಾಕಿ ಫೋನಿನಲ್ಲಿ ಸೇವ್ ಮಾಡಿಟ್ಟರೆ ಸಾಕು.

ಲಾಕ್ ಆಗಿರುವ ಫೋನಿನಿಂದಲೂ 112 ಮಾಡಬಹುದು. ಪಾಸ್‌ವರ್ಡ್ ಕೇಳುವ ಪರದೆಯಲ್ಲೇ 'ತುರ್ತು ಕರೆ' ಅಥವಾ 'ಎಮರ್ಜೆನ್ಸಿ' ಅಂತ ಇರುತ್ತದೆ ಅಲ್ವಾ, ಅದು ಇದಕ್ಕೇ. ರಸ್ತೆಯಲ್ಲಿ ಬಿದ್ದವರ ಫೋನಿನಿಂದಲೂ, ಅದು ಯಾರದ್ದೇ ಆಗಿರಲಿ, ನೀವು ಕರೆ ಮಾಡಬಹುದು. ಈ ಕರೆಗೆ ದುಡ್ಡಿಲ್ಲ.

ಇನ್ನೊಂದು ಸಂಗತಿ ಮಲೆನಾಡಿನವರಿಗೆ ಚೆನ್ನಾಗಿ ಗೊತ್ತು. ಫೋನಿನ ಮೇಲ್ಗಡೆ ಸಿಗ್ನಲ್ ಕಡ್ಡಿ ಇರುವುದಿಲ್ಲ, 'ತುರ್ತು ಕರೆ ಮಾತ್ರ' ಅಂತ ಬರೆದಿರುತ್ತದೆ. ಅದರ ಅರ್ಥ ಇಷ್ಟೇ: ನಿಮ್ಮ ಕಂಪನಿಯ ಟವರ್ ಇಲ್ಲಿ ಸಿಗುತ್ತಿಲ್ಲ, ಬೇರೆ ಯಾವುದೋ ಕಂಪನಿಯದ್ದು ಸಿಗುತ್ತಿದೆ. ಮನೆಗೆ ಫೋನ್ ಮಾಡಲು ಅದು ಬಿಡುವುದಿಲ್ಲ. 112 ಒತ್ತಿದರೆ ಮಾತ್ರ ಸಿಕ್ಕಿದ ಟವರಿನ ಮೂಲಕ ಕರೆ ಹೋಗಿಸಲು ಫೋನ್ ನೋಡುತ್ತದೆ. ಆದ್ದರಿಂದ "ಸಿಗ್ನಲ್ಲೇ ಇಲ್ಲ" ಅಂತ ಕೈಚೆಲ್ಲಬೇಡಿ, ಒಮ್ಮೆ 112 ಒತ್ತಿ ನೋಡಿ. 'ನೋ ಸರ್ವಿಸ್' ಅಂತ ಬಂದರೆ ಅಲ್ಲಿ ಯಾರ ಟವರೂ ಇಲ್ಲ. ಆಗ ಗುಡ್ಡ ಹತ್ತಬೇಕು, ಅಥವಾ ಯಾರನ್ನಾದರೂ ಓಡಿಸಬೇಕು.

ಸಿಮ್ ಇಲ್ಲದ ಹಳೆಯ ಫೋನಿನಿಂದ ತುರ್ತು ಕರೆ ಹೋಗುತ್ತದೆ ಅಂತ ಹಲವರು ನಂಬಿದ್ದಾರೆ. ಕೆಲವು ದೇಶಗಳು ಅದಕ್ಕೆ ಬಿಡುತ್ತವೆ, ಬ್ರಿಟನ್ ಮತ್ತು ಜರ್ಮನಿ ಬಿಡುವುದಿಲ್ಲ. ಹೋದರೂ, ಕರೆ ಕಡಿದು ಬಿದ್ದರೆ ಅವರು ತಿರುಗಿ ಫೋನ್ ಮಾಡಲು ನಂಬರೇ ಇರುವುದಿಲ್ಲ. ಅಜ್ಜಿಯ ತಲೆದಿಂಬಿನ ಪಕ್ಕ ಹಳೆಯ ಫೋನ್ ಇಡುವವರು ಅದಕ್ಕೊಂದು ಸಿಮ್ ಹಾಕಿ, ಚಾರ್ಜ್ ಮಾಡಿ ಇಡಿ.

ಜಾಗ ಗೊತ್ತಾಗುವುದು ಹೇಗೆ?

ನೀವು ಇರುವ ಜಾಗ ಹುಡುಕಲು ಎರಡು ದಾರಿಗಳಿವೆ. ಒಂದು ಟವರಿನ ಕಡೆಯಿಂದ, ಇನ್ನೊಂದು ಫೋನಿನ ಕಡೆಯಿಂದ. ಇವೆರಡನ್ನು ಒಂದೇ ಅಂದುಕೊಳ್ಳುವುದರಿಂದಲೇ ಎಲ್ಲ ಗೊಂದಲ ಶುರುವಾಗುತ್ತದೆ.

ಮೊದಲು ಟವರ್. ನಿಮ್ಮ ಫೋನ್ ಯಾವ ಭಾಗದ ಟವರುಗಳ ನಡುವೆ ಇದೆ ಎಂಬುದು ಮೊಬೈಲ್ ಕಂಪನಿಗೆ ಯಾವಾಗಲೂ ಗೊತ್ತಿರುತ್ತದೆ. ಗೊತ್ತಿಲ್ಲದಿದ್ದರೆ ನಿಮಗೆ ಕರೆ ಬರಲು ಸಾಧ್ಯವೇ ಇಲ್ಲ. ಕರೆ ಮಾಡಿದಾಗ ಯಾವ ಟವರಿಗೆ ಅಂಟಿಕೊಂಡಿದೆ ಎಂಬುದೂ ತಿಳಿಯುತ್ತದೆ. ಟವರಿನ ಮೇಲೆ ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿದ ಆಂಟೆನಾಗಳಿರುತ್ತವೆ, ಹಾಗಾಗಿ ನೀವು ಯಾವ ದಿಕ್ಕಿನಲ್ಲಿದ್ದೀರಿ ಅಂತಲೂ ತಿಳಿಯುತ್ತದೆ. ಸಿಗ್ನಲ್ ಹೋಗಿ ಬರಲು ಹಿಡಿದ ಸಮಯದಿಂದ ದೂರವನ್ನೂ ಅಂದಾಜು ಮಾಡಬಹುದು. ಹಳೆಯ 2ಜಿ ಜಾಲದಲ್ಲಿ ಈ ಅಂದಾಜು ಸುಮಾರು 550 ಮೀಟರಿನ ಹೆಜ್ಜೆಗಳಲ್ಲಿ ಸಿಗುತ್ತಿತ್ತು. ಬೆಂಗಳೂರಿನ ಮೆಜೆಸ್ಟಿಕ್‌ನಂಥ ಕಡೆ ಟವರುಗಳು ಒತ್ತೊತ್ತಾಗಿವೆ, ಕೆಲವು ನೂರು ಮೀಟರಿನೊಳಗೆ ಜಾಗ ಸಿಗಬಹುದು. ಕುದುರೆಮುಖದ ಕಡೆ ಒಂದು ಟವರು ಹಲವು ಕಿಲೋಮೀಟರಿನ ಕಾಡು, ತೋಟ, ಕಣಿವೆಯನ್ನು ನೋಡಿಕೊಳ್ಳುತ್ತಿರುತ್ತದೆ. ಅಲ್ಲಿ "ಈ ಟವರಿನ ಹತ್ತಿರ" ಅಂದರೆ ಏನೂ ಹೇಳಿದಂತೆ ಆಗಲಿಲ್ಲ. ಎಲ್ಲಿ ಸಹಾಯ ಬರಲು ಜಾಸ್ತಿ ಹೊತ್ತು ಬೇಕೋ ಅಲ್ಲೇ ಈ ಲೆಕ್ಕ ಸಡಿಲವಾಗುತ್ತದೆ. ನನಗೆ ಇದು ತುಂಬ ನೋವಿನ ವಿಷಯ ಅನ್ನಿಸುತ್ತದೆ.

ಇನ್ನು ಫೋನಿನ ಕಡೆಯದು, ಅಂದರೆ ಜಿಪಿಎಸ್. ಜಿಪಿಎಸ್ ಉಪಗ್ರಹಗಳು ನೆಲದಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಪ್ರತಿಯೊಂದೂ "ನಾನು ಇಲ್ಲಿದ್ದೇನೆ, ಈಗ ಇಷ್ಟು ಗಂಟೆ" ಅಂತ ಎಡೆಬಿಡದೆ ಸಾರುತ್ತಿರುತ್ತದೆ. ಫೋನ್ ಅದನ್ನು ಕೇಳಿಸಿಕೊಂಡು, ಮಾತು ತಲುಪಲು ಎಷ್ಟು ಹೊತ್ತು ಹಿಡಿಯಿತು ಅಂತ ನೋಡಿ, ದೂರ ಲೆಕ್ಕ ಹಾಕುತ್ತದೆ.

ಇದನ್ನು ಊರುಗಳ ಲೆಕ್ಕದಲ್ಲಿ ನೋಡಿ. ನಾನು ಹಾಸನದಿಂದ 40 ಕಿ.ಮೀ. ದೂರ ಇದ್ದೇನೆ ಅಂದರೆ, ಹಾಸನದ ಸುತ್ತ ಎಳೆದ ಒಂದು ವೃತ್ತದ ಮೇಲೆ ಎಲ್ಲೋ ಇದ್ದೇನೆ. ಚಿಕ್ಕಮಗಳೂರಿನಿಂದಲೂ ಇಂತಿಷ್ಟು ದೂರ ಅಂದರೆ, ಎರಡು ವೃತ್ತ ಕತ್ತರಿಸುವ ಎರಡು ಜಾಗಗಳಲ್ಲಿ ಒಂದು. ಮಡಿಕೇರಿಯಿಂದ ಎಷ್ಟು ದೂರ ಅಂತಲೂ ಹೇಳಿದರೆ ಒಂದೇ ಜಾಗ ಉಳಿಯುತ್ತದೆ. ಉಪಗ್ರಹಗಳದ್ದೂ ಇದೇ ಲೆಕ್ಕ. ಆದರೆ ಮೂರು ಸಾಲುವುದಿಲ್ಲ, ನಾಲ್ಕು ಬೇಕು. ಉಪಗ್ರಹದೊಳಗೆ ಅಣು ಗಡಿಯಾರ ಇದೆ, ನಮ್ಮ ಫೋನಿನಲ್ಲಿರುವುದು ಸಾದಾ ಗಡಿಯಾರ. ಅದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದಷ್ಟು ತಪ್ಪಿದರೂ ಜಾಗ 300 ಮೀಟರ್ ಆಚೆ ಹೋಗುತ್ತದೆ. ಆ ತಪ್ಪನ್ನು ಸರಿಪಡಿಸಲು ನಾಲ್ಕನೆಯ ಉಪಗ್ರಹ. ಆಕಾಶ ಬಯಲಾಗಿ ಕಾಣುವ ಕಡೆ ಫೋನಿನ ಜಿಪಿಎಸ್ ಸುಮಾರು 5 ಮೀಟರಿನೊಳಗೆ ಜಾಗ ಹೇಳುತ್ತದೆ.

ಅಮೆರಿಕದ ಜಿಪಿಎಸ್ ಒಂದೇ ಅಲ್ಲ. ನಮ್ಮ ಇಸ್ರೋದ ನಾವಿಕ್ ಕೂಡ ಇದೆ. ಅದರ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಅದರ ನ್ಯಾವಿಗೇಶನ್ ಕೇಂದ್ರ ಇರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ. ಉಪಗ್ರಹಗಳನ್ನು ನೋಡಿಕೊಳ್ಳುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇರುವುದು ಹಾಸನದಲ್ಲಿ. ಮಂಗಳೂರಿನಿಂದ ಬೆಂಗಳೂರಿಗೆ ಬರುವಾಗ ಹಾಸನ ದಾಟುತ್ತಾ ಇದನ್ನು ನೆನೆಸಿಕೊಂಡರೆ ಖುಷಿಯಾಗುತ್ತದೆ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ಬಿಡಿಸಲೇಬೇಕು. "ಜಿಪಿಎಸ್ ಆನ್ ಇದೆ, ಸ್ಯಾಟಲೈಟಿಗೆ ನಾನೆಲ್ಲಿದ್ದೇನೆ ಅಂತ ಗೊತ್ತಿರುತ್ತದೆ" ಅಂತ ಬಹಳ ಜನ ಅಂದುಕೊಂಡಿದ್ದಾರೆ. ಗೊತ್ತಿರುವುದಿಲ್ಲ. ಇದು ಆಕಾಶವಾಣಿ ಕೇಳಿದ ಹಾಗೆ. ಧಾರವಾಡ ಕೇಂದ್ರದವರು ಪ್ರಸಾರ ಮಾಡುತ್ತಾರೆ, ನೀವು ರೇಡಿಯೋ ಹಚ್ಚಿ ಕೇಳುತ್ತೀರಿ. ಯಾರು ಎಲ್ಲಿ ಕೂತು ಕೇಳುತ್ತಿದ್ದಾರೆ ಅಂತ ಧಾರವಾಡಕ್ಕೆ ಹೇಗೆ ಗೊತ್ತಾಗಬೇಕು? ಜಿಪಿಎಸ್ ಕೂಡ ಒಮ್ಮುಖ. ಜಾಗ ಗೊತ್ತಾಗುವುದು ನಿಮ್ಮ ಫೋನಿಗೆ ಮಾತ್ರ. ಅದನ್ನು ಬೇರೆಯವರಿಗೆ ಮುಟ್ಟಿಸಲು ಮತ್ತೆ ಟವರ್ ಬೇಕು, ಮೆಸೇಜ್ ಬೇಕು, ಇಲ್ಲವೇ ನಿಮ್ಮ ಬಾಯಿ ಬೇಕು.

ಇದರಲ್ಲೇ ಒಂದು ಒಳ್ಳೆಯ ಸುದ್ದಿಯೂ ಇದೆ. ಜಾಗ ತಿಳಿಯಲು ಇಂಟರ್‌ನೆಟ್ ಬೇಡ. ಡೇಟಾ ಖಾಲಿಯಾಗಿದ್ದರೂ, ಸಿಗ್ನಲ್ ಇಲ್ಲದಿದ್ದರೂ ಫೋನ್ ತನ್ನ ಅಕ್ಷಾಂಶ ರೇಖಾಂಶ ಹೇಳಬಲ್ಲದು. ಮೊದಲ ಸಲ ಸ್ವಲ್ಪ ತಡವಾಗುತ್ತದೆ ಅಷ್ಟೇ, ಯಾಕೆಂದರೆ ಯಾವ ಉಪಗ್ರಹ ಎಲ್ಲಿದೆ ಎಂಬ ಪಟ್ಟಿಯನ್ನು ಇಂಟರ್‌ನೆಟ್ಟಿನಿಂದ ತರುವ ಬದಲು ಉಪಗ್ರಹದಿಂದಲೇ ನಿಧಾನವಾಗಿ ಕೇಳಿಸಿಕೊಳ್ಳಬೇಕು. ಕಾಂಕ್ರೀಟ್ ಸೂರಿನ ಕೆಳಗೆ, ಬೇಸ್‌ಮೆಂಟಿನಲ್ಲಿ ಇದು ನಡೆಯುವುದಿಲ್ಲ. ಪೇಟೆಯ ಮನೆಯೊಳಗೆ ಫೋನ್ ಸುತ್ತಲಿನ ವೈಫೈಗಳನ್ನು ಗುರುತು ಹಿಡಿದು ಜಾಗ ಅಂದಾಜು ಮಾಡುತ್ತದೆ. ಎಷ್ಟನೇ ಮಹಡಿ ಎಂಬುದನ್ನು ಮಾತ್ರ ನೀವೇ ಹೇಳಬೇಕು.

ಮ್ಯಾಪಿನ ನೀಲಿ ಚುಕ್ಕೆಯ ಸುತ್ತ ಕೆಲವೊಮ್ಮೆ ತಿಳಿ ನೀಲಿ ವೃತ್ತ ಕಾಣುತ್ತದೆ, ನೋಡಿದ್ದೀರಾ? ಅದನ್ನು ಅಲಂಕಾರ ಅಂದುಕೊಳ್ಳಬೇಡಿ. "ಇದರೊಳಗೆ ಎಲ್ಲೋ ಇದ್ದೀರಿ, ನನಗೆ ಅಷ್ಟೇ ಗೊತ್ತು" ಅಂತ ಫೋನ್ ಹೇಳುತ್ತಿರುವುದು. ವೃತ್ತ ದೊಡ್ಡದಿದ್ದರೆ ಬಯಲಿಗೆ ಬಂದು ಅರ್ಧ ನಿಮಿಷ ಕಾಯಿರಿ. ಅದು ಕುಗ್ಗುತ್ತದೆ. ಆಮೇಲೆ ಕಳಿಸಿ.

ಫೋನ್ ತಾನಾಗಿಯೇ ಹೇಳುವ ಕಾಲ

ಹಾಗಾದರೆ ಫೋನಿಗೆ ಗೊತ್ತಿರುವುದನ್ನು ಕರೆಯ ಜೊತೆಗೇ ಕಳಿಸಿಬಿಡಬಾರದೇ? ಇದೇ ಪ್ರಶ್ನೆ ಬ್ರಿಟನ್ನಿನವರಿಗೂ ಬಂತು. 2014ರಲ್ಲಿ ಅಲ್ಲಿ ಒಂದು ಸರಳ ಉಪಾಯ ಮಾಡಿದರು. ತುರ್ತು ನಂಬರ್ ಒತ್ತಿದ ಕೂಡಲೇ ಫೋನ್ ತಾನಾಗಿಯೇ ಜಿಪಿಎಸ್ ಆನ್ ಮಾಡಿಕೊಳ್ಳುತ್ತದೆ, ಜಾಗ ಹುಡುಕುತ್ತದೆ, ಒಂದು ಗುಪ್ತ ಎಸ್ಎಂಎಸ್‌ನಲ್ಲಿ ಕಂಟ್ರೋಲ್ ರೂಮಿಗೆ ಕಳಿಸುತ್ತದೆ. ಕರೆ ಮಾಡಿದವರು ಏನೂ ಮಾಡಬೇಕಾಗಿಲ್ಲ. ಆ್ಯಪೂ ಬೇಡ. ಗೂಗಲ್ ಇದನ್ನು 2016ರಲ್ಲಿ ಆಂಡ್ರಾಯ್ಡ್ ಫೋನುಗಳಿಗೆ ತಂದಿತು, ಆ್ಯಪಲ್ 2018ರಲ್ಲಿ ಐಫೋನಿಗೆ. ಯುರೋಪಿನಲ್ಲಿ 2022ರ ಮಾರ್ಚಿನಿಂದ ಹೊಸದಾಗಿ ಮಾರಾಟಕ್ಕೆ ಬರುವ ಸ್ಮಾರ್ಟ್‌ಫೋನುಗಳಲ್ಲಿ ಇದು ಇರಲೇಬೇಕು.

ಭಾರತದಲ್ಲಿ ಆಂಡ್ರಾಯ್ಡಿನ ಈ ಸೇವೆ ಮೊದಲು ಶುರುವಾದದ್ದು ಉತ್ತರ ಪ್ರದೇಶದಲ್ಲಿ, 2025ರ ಡಿಸೆಂಬರಿನಲ್ಲಿ. ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಫೋನಿನಲ್ಲಿ ಈ ಶಕ್ತಿ ಇದ್ದರೆ ಸಾಲದು, ಆ ಕಡೆ ಅದನ್ನು ತೆಗೆದುಕೊಳ್ಳುವ ಏರ್ಪಾಡೂ ಇರಬೇಕು. ಆಂಡ್ರಾಯ್ಡ್ 6 ಅಥವಾ ಅದಕ್ಕಿಂತ ಹೊಸದಿರುವ ಫೋನುಗಳಲ್ಲಿ ಇದು ಇದೆ, ಅಂದರೆ ನಿಮ್ಮ ಕೈಯಲ್ಲಿರುವುದರಲ್ಲೂ ಇರಬಹುದು. ರಾಜ್ಯದ ಕಂಟ್ರೋಲ್ ರೂಮು ಜೋಡಿಸಿಕೊಳ್ಳುವವರೆಗೆ ಅದು ಸುಮ್ನೆ ಕೂತಿರುತ್ತದೆ. ಎಲ್ಲ ರಾಜ್ಯಗಳೂ ಇದನ್ನು ಬೇಗ ಜೋಡಿಸಿಕೊಳ್ಳಬೇಕು. ಹಣಕ್ಕಿಂತ ಹೆಚ್ಚಾಗಿ ಮನಸ್ಸು ಮಾಡಬೇಕಾದ ಕೆಲಸ ಇದು ಅಂತ ನನ್ನ ನಂಬಿಕೆ. ಆ ಸಂಜೆ ಘಾಟಿಯಲ್ಲಿ ಲಾರಿಯವರು ಬರದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ನಾನು ಈಗಲೂ ಯೋಚಿಸುತ್ತೇನೆ.

'112 ಇಂಡಿಯಾ' ಆ್ಯಪ್ ಹಾಕಿಕೊಂಡು, ಲೊಕೇಶನ್ನಿಗೆ ಅನುಮತಿ ಕೊಟ್ಟಿದ್ದರೆ ಅದರ ಮೂಲಕ ಜಾಗ ಹೋಗುತ್ತದೆ. ಮಾತಾಡಲು ಆಗದವರಿಗೆ, ಮಾತಾಡಿದರೆ ಅಪಾಯ ಇರುವವರಿಗೆ ಇದು ಬಹಳ ಉಪಯೋಗಕ್ಕೆ ಬರುತ್ತದೆ. ಒಮ್ಮೆ ಹೆಸರು ನೋಂದಾಯಿಸಿ ಇಡಬೇಕು, ಆಪತ್ತಿನ ಹೊತ್ತಿನಲ್ಲಿ ಡೌನ್‌ಲೋಡ್ ಮಾಡುತ್ತಾ ಕೂರಲು ಆಗುವುದಿಲ್ಲ.

ಬಟನ್ನುಗಳ ವಿಷಯ. 2016ರಲ್ಲಿ ಕೇಂದ್ರ ಸರ್ಕಾರ ಫೋನುಗಳಲ್ಲಿ ಪ್ಯಾನಿಕ್ ಬಟನ್ ಇರಬೇಕು ಅಂತ ನಿಯಮ ಮಾಡಿತು. ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9 ಒತ್ತಿ ಹಿಡಿಯುವುದು, ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್ನನ್ನು ಬೇಗ ಬೇಗ ಮೂರು ಸಲ ಒತ್ತುವುದು ಎಂಬುದು ಅದರಲ್ಲಿತ್ತು. ಭಾರತದಲ್ಲಿ ಐಫೋನಿನ ಬದಿಯ ಬಟನ್ನಿಗೂ ಮೂರು ಸಲ ಒತ್ತುವ ದಾರಿ ಇದೆ. ಹೊಸ ಆಂಡ್ರಾಯ್ಡುಗಳಲ್ಲಿ ಐದು ಸಲ ಒತ್ತುವ ಸೌಲಭ್ಯ ಇರುತ್ತದೆ. ಒಂದೊಂದು ಫೋನಿನಲ್ಲಿ ಒಂದೊಂದು ಥರ. ಸೆಟ್ಟಿಂಗ್ಸ್‌ನಲ್ಲಿ 'ಸೇಫ್ಟಿ ಮತ್ತು ಎಮರ್ಜೆನ್ಸಿ' ಎಂಬಲ್ಲಿ ಹೋಗಿ ನಿಮ್ಮದರಲ್ಲಿ ಏನಿದೆ ನೋಡಿ. ಅಲ್ಲೇ ರಕ್ತದ ಗುಂಪು, ಅಲರ್ಜಿ, ಮನೆಯವರ ನಂಬರ್ ತುಂಬಿಸಿಡಬಹುದು, ಲಾಕ್ ತೆಗೆಯದೆಯೇ ಬೇರೆಯವರಿಗೆ ಕಾಣುವಂತೆ. ಬಟನ್ ಅಕಸ್ಮಾತ್ ಒತ್ತಿ ಕರೆ ಹೋಗಿಬಿಟ್ಟರೆ ಗಾಬರಿಯಿಂದ ಕಟ್ ಮಾಡಬೇಡಿ. ಎತ್ತಿದವರಿಗೆ "ತಪ್ಪಿ ಒತ್ತಿದೆ, ಎಲ್ಲ ಸರಿ ಇದೆ" ಅಂತ ಹೇಳಿ ಇಡಿ. ಸುಮ್ಮನೆ ಕಟ್ ಆದ ಕರೆಯೇ ಅವರಿಗೆ ಹೆಚ್ಚು ಆತಂಕ ತರುವುದು.

ಬಾಯಲ್ಲಿ ಹೇಳುವುದು

ಕರೆ ಎತ್ತಿದ ತಕ್ಷಣ ಜಾಗ ಹೇಳಿ. ಏನಾಯಿತು ಅಂತ ಆಮೇಲೆ. ಗಾಬರಿಯಲ್ಲಿ ನಾವು ಮಾಡುವುದು ಉಲ್ಟಾ: "ಸಾರ್, ಬೇಗ ಬನ್ನಿ, ತುಂಬ ರಕ್ತ ಹೋಗ್ತಿದೆ" ಅಂತ ಶುರು ಮಾಡುತ್ತೇವೆ. ಅಷ್ಟರಲ್ಲಿ ಕರೆ ಕಡಿದರೆ ಅವರ ಕೈಯಲ್ಲಿ ಏನೂ ಉಳಿಯುವುದಿಲ್ಲ. "ಚಾರ್ಮಾಡಿ ಘಾಟಿ, ಕೊಟ್ಟಿಗೆಹಾರದಿಂದ ಕೆಳಗೆ, ಇಂಥ ಕಿಲೋಮೀಟರ್ ಕಲ್ಲು" ಅಂತ ಮೊದಲು ಅಂದಿದ್ದರೆ, ಕಡಿದರೂ ಗಾಡಿ ಹೊರಡಬಹುದು.

ಹೆದ್ದಾರಿಯಲ್ಲಿ ಕಿಲೋಮೀಟರ್ ಕಲ್ಲಿಗಿಂತ ಒಳ್ಳೆಯ ವಿಳಾಸ ಇಲ್ಲ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ. ಯಾವ ಊರಿಗೆ ಎಷ್ಟು ಅಂತ ಓದಿ ಹೇಳಿ, ಯಾವ ಕಡೆಗೆ ಹೋಗುತ್ತಿದ್ದಿರಿ ಎಂಬುದನ್ನೂ ಹೇಳಿ. ನಡುವೆ ಡಿವೈಡರ್ ಇರುವ ರಸ್ತೆಯಲ್ಲಿ ಎದುರು ಬದಿಗೆ ಬಂದ ಆಂಬುಲೆನ್ಸ್ ತಿರುಗಿ ಬರಲು ಎಷ್ಟೋ ದೂರ ಹೋಗಬೇಕಾಗುತ್ತದೆ. ರೈಲು ಹಳಿಯ ಪಕ್ಕದಲ್ಲಿದ್ದರೆ ಕರೆಂಟಿನ ಕಂಬದ ಮೇಲೆ ಬರೆದ ಸಂಖ್ಯೆ ನೋಡಿ, ಅದರಲ್ಲೇ ಕಿಲೋಮೀಟರ್ ಇರುತ್ತದೆ.

ಊರಿನ ಹೆಸರು ಮಾತ್ರ ಹೇಳುವುದು ಸಾಲದು. ನಮ್ಮಲ್ಲಿ ಹೊಸಹಳ್ಳಿಗಳು ಒಂದೆರಡಲ್ಲ. ಹೊಸೂರು, ರಾಂಪುರಗಳೂ ಹಾಗೆಯೇ. ಊರು, ಹೋಬಳಿ, ತಾಲೂಕು, ಜಿಲ್ಲೆ, ನಾಲ್ಕನ್ನೂ ಹೇಳಿ. ಬೆಂಗಳೂರಿನಲ್ಲಿ "5ನೇ ಕ್ರಾಸ್, 3ನೇ ಬ್ಲಾಕ್" ಅಂದರೆ ಜಯನಗರವೋ, ರಾಜಾಜಿನಗರವೋ, ಕೋರಮಂಗಲವೋ? ಬಡಾವಣೆಯ ಹೆಸರು ಮೊದಲು, ಕ್ರಾಸು ಆಮೇಲೆ. ಹತ್ತಿರದ ಗುರುತು ಹೇಳುವಾಗ ಈಗ ಇರುವುದನ್ನು ಹೇಳಿ. ಎಂದೋ ಮುಚ್ಚಿಹೋದ ಟಾಕೀಸಿನ ಹೆಸರು ನಮಗೆ ಗೊತ್ತು, ಹೊಸದಾಗಿ ಬಂದ ಡ್ರೈವರಿಗೆ ಗೊತ್ತಿರಲಿಕ್ಕಿಲ್ಲ.

ಏನೂ ಗುರುತು ಇಲ್ಲದ ಕಡೆ ಅಕ್ಷಾಂಶ ರೇಖಾಂಶವೇ ಗತಿ. ಗೂಗಲ್ ಮ್ಯಾಪಿನಲ್ಲಿ ನೀವಿರುವ ಜಾಗದ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಸಂಖ್ಯೆ ಬರುತ್ತವೆ. ಐಫೋನಿನ ಕಂಪಾಸ್ ಆ್ಯಪಿನಲ್ಲೂ ಕಾಣುತ್ತದೆ. ವಿಧಾನಸೌಧದ್ದು 12.9796, 77.5907. ಫೋನ್ ಇನ್ನೂ ಉದ್ದ ತೋರಿಸುತ್ತದೆ, ಚುಕ್ಕೆಯ ಆಚೆ ನಾಲ್ಕು ಅಂಕಿ ಹೇಳಿದರೆ ಸಾಕು. ಅಷ್ಟರಲ್ಲೇ ಸುಮಾರು 11 ಮೀಟರಿನ ನಿಖರತೆ ಸಿಗುತ್ತದೆ. ಒಂದೊಂದೇ ಅಂಕಿಯಾಗಿ ಹೇಳಿ: ಹನ್ನೆರಡು ಪಾಯಿಂಟ್ ಒಂಬತ್ತು, ಏಳು, ಒಂಬತ್ತು, ಆರು. ಅವರಿಂದ ತಿರುಗಿ ಓದಿಸಿ. ನಿಮಗೆ ನೀವೇ ತಾಳೆ ನೋಡಿಕೊಳ್ಳಲು ಒಂದು ಸುಲಭದ ದಾರಿ ಇದೆ. ಕರ್ನಾಟಕದಲ್ಲಿ ಎಲ್ಲೇ ಇದ್ದರೂ ಮೊದಲ ಸಂಖ್ಯೆ 11ರಿಂದ 18ರೊಳಗೆ ಶುರುವಾಗುತ್ತದೆ, ಎರಡನೆಯದು 74ರಿಂದ 78ರೊಳಗೆ. ಹಾಗಿಲ್ಲದಿದ್ದರೆ ಎಲ್ಲೋ ತಪ್ಪಾಗಿದೆ.

ಕರೆ ಮಾಡಿದ ಮೇಲೆ ಅದೇ ನಂಬರಿಗೆ ಅವರು, ಆಮೇಲೆ ಗಾಡಿಯ ಡ್ರೈವರು, ತಿರುಗಿ ಫೋನ್ ಮಾಡುತ್ತಾರೆ. ಆದ್ದರಿಂದ ಆ ಫೋನನ್ನು ಖಾಲಿ ಬಿಡಿ. ಸಂಬಂಧಿಕರಿಗೆ ಸುದ್ದಿ ಮುಟ್ಟಿಸಲು ಇನ್ನೊಬ್ಬರ ಫೋನ್ ಇರಲಿ. ಡ್ರೈವರ್ ಕರೆ ಮಾಡಿದಾಗ ಅವರ ನಂಬರಿಗೆ ವಾಟ್ಸ್‌ಆ್ಯಪ್ ಲೊಕೇಶನ್ ಕಳಿಸಬಹುದೇ ಅಂತ ಕೇಳಿ. ನೀವು ಒಂದೇ ಜಾಗದಲ್ಲಿದ್ದರೆ 'ಕರೆಂಟ್ ಲೊಕೇಶನ್' ಕಳಿಸಿ. ಗಾಯಾಳುವನ್ನು ಕಾರಿನಲ್ಲಿ ಹಾಕಿಕೊಂಡು ಎದುರಿಗೆ ಹೊರಟಿದ್ದರೆ 'ಲೈವ್ ಲೊಕೇಶನ್' ಬೇಕು. ಅದು 15 ನಿಮಿಷ, 1 ಗಂಟೆ ಅಥವಾ 8 ಗಂಟೆ ನಡೆಯುತ್ತದೆ. ಡೇಟಾ ಹಿಡಿಯದ ಕಡೆ ವಾಟ್ಸ್‌ಆ್ಯಪ್ ಗಿರ ಗಿರ ತಿರುಗುತ್ತಾ ಇರುತ್ತದೆ, ಎಸ್ಎಂಎಸ್ ಒಂದು ಕಡ್ಡಿ ಸಿಗ್ನಲ್ಲಿದ್ದರೂ ಹೋಗಿಬಿಡುತ್ತದೆ. ಆ ಎರಡು ಸಂಖ್ಯೆಗಳನ್ನು ಎಸ್ಎಂಎಸ್ ಮಾಡಿ.

ರಸ್ತೆ ಅಪಘಾತ ನೋಡಿದವರು ಕರೆ ಮಾಡಲು ಹಿಂಜರಿಯುವುದು ಪೊಲೀಸು, ಕೋರ್ಟಿನ ಹೆದರಿಕೆಗೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಮು ಸೇರಿದೆ. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರಿಗೆ ಅದು ರಕ್ಷಣೆ ಕೊಡುತ್ತದೆ. ಹೆಸರು ಹೇಳಲೇಬೇಕು ಅಂತ ಅವರನ್ನು ಒತ್ತಾಯಿಸುವ ಹಾಗಿಲ್ಲ. ಧೈರ್ಯವಾಗಿ ಲೈನಿನಲ್ಲಿ ಇರಿ.

ದೂರದಲ್ಲಿರುವ ಮಕ್ಕಳಿಗೆ

ಕೊನೆಗೆ, ನನ್ನನ್ನು ಜಾಸ್ತಿ ಕಾಡುವ ವಿಷಯ. ನಾನು ಬೆಂಗಳೂರಿನಲ್ಲಿ, ಅಮ್ಮ ತೀರ್ಥಹಳ್ಳಿ ಹತ್ತಿರದ ಊರಿನಲ್ಲಿ, ತಮ್ಮ ಪುಣೆಯಲ್ಲಿ. ಅಮ್ಮ ತಮ್ಮನಿಗೆ ಫೋನ್ ಮಾಡಿ "ಎದೆ ಹಿಡಿದ ಹಾಗಾಗ್ತಿದೆ" ಅಂದರು ಅಂದುಕೊಳ್ಳಿ. ಅವನು ಪುಣೆಯಲ್ಲಿ 112 ಒತ್ತುತ್ತಾನೆ. ಕರೆ ಹೋಗುವುದು ಮಹಾರಾಷ್ಟ್ರದ ಕಂಟ್ರೋಲ್ ರೂಮಿಗೆ. ಯಾಕೆಂದರೆ 112 ಕರೆ ಎಲ್ಲಿಗೆ ಹೋಗಬೇಕು ಅಂತ ತೀರ್ಮಾನ ಆಗುವುದು ಕರೆ ಹಿಡಿದ ಟವರಿನ ಮೇಲೆ. ಯಾರಿಗೆ ಸಹಾಯ ಬೇಕು ಎಂಬುದು ಅದಕ್ಕೆ ಗೊತ್ತಿಲ್ಲ. ದುಬೈಯಲ್ಲೋ ಅಮೆರಿಕದಲ್ಲೋ ಇರುವವರು ಒತ್ತಿದರೆ ಅಲ್ಲಿಯ ತುರ್ತು ಸೇವೆಗೇ ಹೋಗುತ್ತದೆ. ಗಡಿಯ ಊರುಗಳಲ್ಲೂ ಇದೇ ಕಷ್ಟ ಇದೆ. ಆಚೆ ರಾಜ್ಯದ ಟವರ್ ಹಿಡಿದರೆ ಆಚೆಯವರು ಎತ್ತುತ್ತಾರೆ. ಹಾಗಾದಾಗ ಮೊದಲು ರಾಜ್ಯದ ಹೆಸರು, ಜಿಲ್ಲೆಯ ಹೆಸರು ಹೇಳಿ.

ಆದ್ದರಿಂದ ದೂರದಲ್ಲಿರುವವರು ಅಪ್ಪ ಅಮ್ಮ ಇರುವ ಊರಿನ ಪೊಲೀಸ್ ಠಾಣೆ, ಹತ್ತಿರದ ಆಸ್ಪತ್ರೆ, ಇಬ್ಬರು ಅಕ್ಕಪಕ್ಕದವರು, ಇವರ ಪೂರ್ತಿ ನಂಬರ್ ಇಟ್ಟುಕೊಳ್ಳಬೇಕು. ಸ್ಥಿರ ದೂರವಾಣಿಯಾದರೆ ಎಸ್‌ಟಿಡಿ ಕೋಡ್ ಸಮೇತ, ವಿದೇಶದಲ್ಲಿದ್ದರೆ ಮುಂದೆ +91 ಸೇರಿಸಿ. ಪಕ್ಕದ ಮನೆಯವರು ಓಡಿ ಹೋಗಿ ಅಲ್ಲಿಂದಲೇ 108 ಮಾಡಿದರೆ ಅರ್ಧ ಕೆಲಸ ಆದಂತೆ.

ನಮ್ಮ ಕಡೆ ಒಂಟಿ ಮನೆಗಳು. ಟಾರು ರಸ್ತೆಯಿಂದ ಅಡಿಕೆ ತೋಟದ ನಡುವೆ ಅರ್ಧ ಮೈಲಿ ಮಣ್ಣಿನ ದಾರಿ. ಮ್ಯಾಪು ಆ ದಾರಿಯನ್ನು ತೋರಿಸುವುದೇ ಇಲ್ಲ, ಹೊಳೆಯ ಆಚೆ ದಡದಲ್ಲಿ ತಂದು ನಿಲ್ಲಿಸಿಬಿಡುತ್ತದೆ. ಹೋದ ದೀಪಾವಳಿಗೆ ಊರಿಗೆ ಹೋದಾಗ ಅಮ್ಮ ಮತ್ತು ನಾನು ಕೂತು ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದೆವು. ಊರು, ಹೋಬಳಿ, ತಾಲೂಕು. ಬಸ್ ಸ್ಟಾಪಿನ ಹೆಸರು. ಮನೆಯ ಅಂಗಳದಲ್ಲಿ ನಿಂತು ತೆಗೆದ ಆ ಎರಡು ಸಂಖ್ಯೆ. ಅಮ್ಮನ ಬಿಪಿ ಮಾತ್ರೆಯ ಹೆಸರು. ಹಾಳೆಯನ್ನು ಫೋನಿಡುವ ಮೇಜಿನ ಮೇಲ್ಗಡೆ ಗೋಡೆಗೆ ಅಂಟಿಸಿದೆವು. ಆಮೇಲೆ ಅಮ್ಮನಿಂದ ಗಟ್ಟಿಯಾಗಿ ಓದಿಸಿದೆ. ಓದಿ ಮುಗಿಸಿ, ಪೆನ್ನು ಕೇಳಿ, ಕೆಳಗೆ ತಾವೇ ಎರಡು ಸಾಲು ಸೇರಿಸಿದರು: "ಮ್ಯಾಪು ನೋಡಿ ಬರಬೇಡಿ. ಸಂಕ ದಾಟಿ ಎಡಕ್ಕೆ, ಬ್ಯಾಟರಿ ಹಿಡಿದುಕೊಂಡು ಗೇಟಿನ ಹತ್ತಿರ ಜನ ನಿಂತಿರ್ತಾರೆ."